ನೀರು ಎಲ್ಲಿಂದ ಬಂತು?

ಕಳೆದ ವರ್ಷ ಜುಲೈ ತಿಂಗಳ ಮೂರನೇ ಭಾನುವಾರ. ಬೆಳಗಿನಿಂದ ಹೊಡೆಯುತ್ತಿದ್ದ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬಾಂದ್ರಾ ಪಶ್ಚಿಮದ ಚಿಂಬೈ ಕೋಲಿವಾಡೆಯಲ್ಲಿ, ದಡಕ್ಕೆ ಎಳೆದು ಟಾರ್ಪಾಲು ಹೊದೆಸಿದ್ದ ಒಂದು ದೋಣಿಯ ಪಕ್ಕ ನಾನು ನಿಂತಿದ್ದೆ. ದೋಣಿಯ ಯಜಮಾನರು ಎಂಜಿನ್ನಿನ ಗೇಜು ಕಡ್ಡಿಯನ್ನು ಎಳೆದು ನನ್ನ ಮುಖದ ಮುಂದೆ ಹಿಡಿದರು. ಕಪ್ಪು ಎಣ್ಣೆ ಇರಬೇಕಿದ್ದ ಜಾಗದಲ್ಲಿ ಹಾಲು ಹೆಚ್ಚಾದ ಚಹಾದಂಥದ್ದೇನೋ ಅಂಟಿಕೊಂಡಿತ್ತು.

“ಪಾಣೀ ಕುಠೂನ್ ಆಲಂ?” ಎಂದರು. ನೀರು ಎಲ್ಲಿಂದ ಬಂತು?

ಇದೇ ಪ್ರಶ್ನೆಯನ್ನು 1996ರಲ್ಲಿ ಗಂಗೊಳ್ಳಿಯಲ್ಲಿ ನನ್ನ ಅಪ್ಪಯ್ಯ ಕೇಳಿದ್ದರು. ಅವತ್ತು ನಾನು ಉತ್ತರ ಹುಡುಕದೆ ಸ್ಪ್ಯಾನರ್ ಹಿಡಿದಿದ್ದೆ. ಆ ಕತೆ ಹೇಳದೆ ಚಿಂಬೈಯ ಕತೆ ಹೇಳಿದರೆ ನಾನು ದೊಡ್ಡ ಜಾಣನ ಹಾಗೆ ಕಾಣುತ್ತೇನೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ನಮ್ಮದು ಗಂಗೊಳ್ಳಿ. ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಅಳಿವೆಯ ಪಕ್ಕದ ಊರು. ಅಪ್ಪಯ್ಯ ಟ್ರಾಲ್ ಬೋಟಿನಲ್ಲಿ ಡ್ರೈವರ್. ಬೋಟಿನ ಡ್ರೈವರ್ ಅಂದರೆ ಎಂಜಿನ್ನಿನ ಜವಾಬ್ದಾರಿ ಹೊತ್ತವನೂ ಹೌದು. ಬೋಟು ನನ್ನ ಸೋದರಮಾವನದ್ದು. ನಮ್ಮ ಕಡೆಯ ಹುಡುಗರು ಮುಂಬಯಿಗೆ ಬರುವುದು ಹೊಸತೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಶಹರದಲ್ಲಿ ಹುಟ್ಟಿದ್ದೇ 1902ರಲ್ಲಿ. ನಾನೂ ಹಾಗೆ ಬಂದವನು. ಹಗಲು ಕ್ಯಾಂಟೀನು, ರಾತ್ರಿ ಶಾಲೆ, ಆಮೇಲೆ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಸರ್ಟಿಫಿಕೇಟು, ಅಲ್ಲಿಂದ ದಾರುಖಾನೆಯ ಒಂದು ವರ್ಕ್‌ಶಾಪು. ಹಡಗು ಒಡೆದ ಕಬ್ಬಿಣದ ರಾಶಿಯ ನಡುವೆ ಹಳೆಯ ಮೆರೀನ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತ ನಾಲ್ಕು ವರ್ಷ ಕಳೆದ ಮೇಲೆ, ನನಗೆ ಗೊತ್ತಿಲ್ಲದ ಎಂಜಿನ್ ಇಲ್ಲ ಎಂಬ ಗತ್ತು ಬಂದಿತ್ತು.

ಕೊಂಕಣ ರೈಲು ಇನ್ನೂ ಮುಂಬಯಿಯಿಂದ ನೇರ ಓಡದಿದ್ದ ಕಾಲ. ಸೆಪ್ಟೆಂಬರ್ ಕೊನೆಗೆ ಬಸ್ಸಿನಲ್ಲಿ ಊರಿಗೆ ಹೋದೆ. ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದು ಕೆಲವೇ ವಾರ ಆಗಿತ್ತು. ಮಾವನ ಬೋಟು ಮಾತ್ರ ಬಂದರಿನಲ್ಲಿ ನಿಂತಿತ್ತು. ಎಂಜಿನ್ನಿನ ಎಣ್ಣೆ ಬೆಳ್ಳಗಾಗಿದೆ ಎಂದರು. ನಾನು ಬ್ಯಾಗು ಮನೆಯಲ್ಲಿಟ್ಟು ನೇರ ಬೋಟಿಗೆ ಹೋದೆ, ಕಡ್ಡಿ ಎಳೆದೆ, ಎರಡು ನಿಮಿಷದಲ್ಲಿ ತೀರ್ಪು ಕೊಟ್ಟೆ: “ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲ ಲೈನರ್ ಕೆಳಗಿನ ರಬ್ಬರ್ ರಿಂಗ್ ಹೋಗಿದೆ. ಎಂಜಿನ್ ಬಿಚ್ಚಬೇಕು.”

ಅಪ್ಪಯ್ಯ ಚೇಂಬರಿನ ಬುಡದ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಮೊದಲು ಬಂದ ನಾಲ್ಕು ಹನಿಯನ್ನು ಬೆರಳಿಗೆ ಹಿಡಿದಿದ್ದರು. ನೀರು ಎಣ್ಣೆಗಿಂತ ಭಾರ. ಎಂಜಿನ್ ರಾತ್ರಿಯಿಡೀ ನಿಂತಿದ್ದರೆ ಬೆರೆಯದೆ ಉಳಿದ ನೀರು ತಳಕ್ಕೆ ಇಳಿದಿರುತ್ತದೆ. ಅವರು ಅದನ್ನು ನಾಲಗೆಗೆ ಮುಟ್ಟಿಸಿ ಉಗಿದು, “ಉಪ್ಪ್” ಎಂದರು. “ಟ್ಯಾಂಕಿಯಂಗೆ ಸಿಹಿ ನೀರ್ ಹಾಂಗೇ ಇತ್ತ್. ನೀರ್ ಎಲ್ಲಿಂದ ಬಂತ್ ಅಂದೇಳಿ ಮೊದ್ಲ್ ಕಾಣ್. ಕಡಿಕೆ ಸ್ಪ್ಯಾನರ್ ಹಿಡಿ.”

ಇನ್ನೊಂದು ಮಾತನ್ನೂ ಹೇಳಿದ್ದರು. ಕೆಲವು ದಿನದಿಂದ ಬೋಟು ಓಡುವಾಗ ಹಿಂದೆ ಹೊಗೆ ಕೊಳವೆಯಿಂದ ಬೀಳುವ ನೀರಿನ ಮೇಲೆ ಎಣ್ಣೆಯ ಬಣ್ಣ ಹರಡುತ್ತಿತ್ತಂತೆ.

ಆ ಮಾತುಗಳ ಬೆಲೆ ತಿಳಿಯಬೇಕಾದರೆ ಅಂಥ ಎಂಜಿನ್ ತಣ್ಣಗಾಗುವ ಬಗೆ ತಿಳಿದಿರಬೇಕು. ಅದರೊಳಗೆ ಎರಡು ನೀರು ಓಡುತ್ತವೆ. ಒಂದು ಸಿಹಿ ನೀರು. ಅದು ಲೈನರುಗಳ ಸುತ್ತ, ಹೆಡ್ಡಿನ ಒಳಗೆ ಸುತ್ತುತ್ತಲೇ ಇರುತ್ತದೆ, ಮೇಲೆ ಅದಕ್ಕೊಂದು ಪುಟ್ಟ ಟ್ಯಾಂಕು. ಇನ್ನೊಂದು ಕಡಲ ನೀರು. ಪಂಪು ಅದನ್ನು ಕೆಳಗಿನಿಂದ ಎಳೆದು ಮೊದಲು ಎಣ್ಣೆಯನ್ನು, ಆಮೇಲೆ ಆ ಸಿಹಿ ನೀರನ್ನು ತಣಿಸಿ ಹೊಗೆಯ ಜೊತೆ ಹೊರಗೆ ಬಿಡುತ್ತದೆ. ಗ್ಯಾಸ್ಕೆಟ್ ಅಥವಾ ಲೈನರ್ ಹೋದರೆ ಎಣ್ಣೆಗೆ ಬರುವುದು ಸಿಹಿ ನೀರು, ಟ್ಯಾಂಕು ಇಳಿಯುತ್ತದೆ. ಇಲ್ಲಿ ಟ್ಯಾಂಕು ಇಳಿದಿಲ್ಲ, ಬಂದದ್ದು ಉಪ್ಪು. ಎಣ್ಣೆಯೂ ಕಡಲ ನೀರೂ ಒಂದು ತೆಳು ಕೊಳವೆಯ ಆಚೆ ಈಚೆ ಓಡುವ ಜಾಗ ಒಂದೇ: ಆಯಿಲ್ ಕೂಲರ್. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಹೆಚ್ಚು, ಆದ್ದರಿಂದ ತೂತಿನ ಮೂಲಕ ಎಣ್ಣೆ ಹೊರಗೆ ಹೋಗುತ್ತದೆ. ಅದೇ ಹಿಂದೆ ಕಂಡ ಬಣ್ಣ. ಎಂಜಿನ್ ನಿಂತ ಮೇಲೆ ಎಣ್ಣೆಗೆ ಒತ್ತಡವಿಲ್ಲ, ಆಗ ಕಡಲು ಒಳಗೆ ಬರುತ್ತದೆ.

ಇದೆಲ್ಲ ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೆ ಕಲಾಸಿಗಳೆಲ್ಲ ಸುತ್ತ ನಿಂತಿದ್ದರು. ಬೊಂಬಾಯಿಯಿಂದ ಬಂದ ಅಳಿಯ ಒಮ್ಮೆ ಹೇಳಿಯಾಗಿತ್ತು. ಅಪ್ಪಯ್ಯನ ನಾಲಗೆಯ ಪರೀಕ್ಷೆ ನನಗೆ ಹಳೆಯ ಕಾಲದ್ದಾಗಿ ಕಂಡಿತು. ಮಾವ ಒಮ್ಮೆ ನನ್ನ ಮುಖ, ಒಮ್ಮೆ ಅಪ್ಪಯ್ಯನ ಮುಖ ನೋಡಿದರು. ಆಮೇಲೆ, “ಅಳಿಯ ಹೇಳ್ದಾಂಗೆ ಆಯ್ಲಿ” ಎಂದರು.

ಎಂಜಿನ್ ಬಿಚ್ಚಿದೆವು. ಹೊಸ ಗ್ಯಾಸ್ಕೆಟ್, ಹೊಸ ರಿಂಗು, ಬೇರಿಂಗು. ಬೋಟಿನ ಮೇಲಿದ್ದ ಸಾಲದ ಜೊತೆಗೆ ಇನ್ನೊಂದು ಸಾಲ. ಮೂರು ವಾರ ಹೋಯಿತು. ಇಳಿಸಿದ ಒಂಬತ್ತನೇ ದಿನ ಬೆಳಿಗ್ಗೆ ಕಡ್ಡಿಯಲ್ಲಿ ಮತ್ತೆ ಅದೇ ಚಹಾ.

ಆಗ ಕೂಲರನ್ನು ಕಳಚಿದೆ. ಅಪ್ಪಯ್ಯ ಏನೂ ಹೇಳದೆ ಮನೆಯಿಂದ ದೊಡ್ಡ ಬಾನಿ ತಂದು ನೀರು ತುಂಬಿಟ್ಟರು. ಒಂದು ಬಾಯಿ ಮುಚ್ಚಿ ಇನ್ನೊಂದರಿಂದ ಗಾಳಿ ತುಂಬಿ ಮುಳುಗಿಸಿದಾಗ ಒಂದು ಕೊಳವೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಸೂಜಿ ಮೊನೆಯಷ್ಟು ತೂತು. ಅಷ್ಟರಲ್ಲಿ ಉಪ್ಪು ನೀರು ಹೊಸ ಬೇರಿಂಗುಗಳನ್ನು ತಿಂದು ಕ್ರ್ಯಾಂಕಿಗೂ ತಗುಲಿತ್ತು. ಮತ್ತೆ ಕೆಲಸ, ಮತ್ತೆ ಸಾಲ, ನವೆಂಬರ್ ಅರ್ಧ ಕಳೆಯಿತು. ಮರುವರ್ಷ ಮಾವ ಬೋಟು ಮಾರಿದರು. ಸ್ವಂತ ಬೋಟಿದ್ದವರು ಇನ್ನೊಬ್ಬರ ಬೋಟಿನಲ್ಲಿ ತಾಂಡೇಲರಾಗಿ ಹೋದರು. ನನಗೆ ಒಂದು ಮಾತು ಅನ್ನಲಿಲ್ಲ. ನಾನು ಮುಂಬಯಿಗೆ ಹೊರಟ ದಿನ ಅವರ ಮನೆಯಲ್ಲಿ ಮೀನು ಸಾರು ಮಾಡಿಸಿದ್ದರು. ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವನಿಗೆ, “ಹೋಯ್ಲಿ ಬಿಡ್ ಅಳಿಯಾ, ಊಟ ಮಾಡ್” ಎಂದರು ಅಷ್ಟೇ.

ಅದಾದ ಮೇಲೆ ನಾನು ಬೋಟಿನ ಕೆಲಸ ಬಿಟ್ಟೆ. ಈಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳ ಬುಡದಲ್ಲಿರುವ ಡೀಸೆಲ್ ಜನರೇಟರುಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಅಲ್ಲೂ ನೀರು ಬಿಡಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಮಿಠಿ ನದಿ ಉಕ್ಕಿ ಕಲಾನಗರದ ರಸ್ತೆಗಳೆಲ್ಲ ಮುಳುಗಿದವಲ್ಲ, ಆಗ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಜನರೇಟರ್ ಪೂರ್ತಿ ನೀರಿನಲ್ಲಿತ್ತು. ನೀರು ಇಳಿದ ಕೂಡಲೇ ಯಾರೋ ಆತುರದಲ್ಲಿ ಸ್ಟಾರ್ಟರ್ ಒತ್ತಿಬಿಟ್ಟರು. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಅದು ಬಾಗಿದ್ದನ್ನು ನಾನೇ ಬಿಚ್ಚಿ ನೋಡಿದೆ. ಎಣ್ಣೆಯಲ್ಲಿ ನೀರು ಕಂಡರೆ ಎಂಜಿನ್ ತಿರುಗಿಸಬಾರದು ಎಂಬುದು ಅವತ್ತು ನನಗೆ ಎರಡನೇ ಸಲ ಪಾಠವಾಯಿತು.

ಭಾನುವಾರ ಚಿಂಬೈಗೆ ಹೋಗುವುದು ಸುಮಾರು ಹತ್ತು ವರ್ಷದ ಅಭ್ಯಾಸ. ಹಿಲ್ ರೋಡಿನ ಅಂಗಡಿ ಸಾಲು ಮುಗಿದು ಸೇಂಟ್ ಆಂಡ್ರ್ಯೂಸ್ ಚರ್ಚ್ ದಾಟಿ ಒಳಗೆ ತಿರುಗಿದರೆ ಶಹರ ಒಮ್ಮೆಲೇ ಸಣ್ಣದಾಗುತ್ತದೆ. ಒಣಮೀನಿನ ವಾಸನೆ, ಬಲೆ ಹೊಲಿಯುವವರು, ಮನೆಗಳ ಹಿಂದೆಯೇ ಕಡಲು. ಮೀನು ಕೊಳ್ಳುವ ನೆಪದಲ್ಲಿ ಹೋಗಿ ಮಾತಿಗೆ ನಿಲ್ಲುತ್ತಿದ್ದೆ. ದೋಣಿಯ ಯಜಮಾನರನ್ನು ನಾನು ದಾದಾ ಎನ್ನುತ್ತೇನೆ, ಅವರ ಹೆಂಡತಿಯನ್ನು ವಹಿನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಎನ್ನುವುದು ನಮ್ಮ ಊರಿನಲ್ಲೂ ಇಲ್ಲೂ ಒಂದೇ. ಆ ಎರಡು ತಿಂಗಳು ಕಳೆದ ಮೇಲೆ ಕೈಯಲ್ಲಿ ಕಾಸಿರುವುದಿಲ್ಲ ಎನ್ನುವುದೂ ಒಂದೇ.

ಆಗಸ್ಟಿಗೆ ಮೊದಲು ಎಂಜಿನ್ ನೋಡೋಣವೆಂದು ದಾದಾ ಹಿಂದಿನ ಭಾನುವಾರ ಅದನ್ನು ಡ್ರಮ್ಮಿನ ನೀರಿಗೆ ಪೈಪ್ ಹಾಕಿ ಐದು ನಿಮಿಷ ಓಡಿಸಿದ್ದರು. ಕಡ್ಡಿ ಎಳೆದಾಗ ಚಹಾ. ಕರೆಸಿದ ಮೆಕ್ಯಾನಿಕ್ ಒಂದು ನೋಟ ನೋಡಿ, ಹೆಡ್ ಹೋಗಿದೆ, ಪೂರ್ತಿ ಬಿಚ್ಚಬೇಕು, 50 ಸಾವಿರಕ್ಕೆ ಕಡಿಮೆ ಆಗದು ಎಂದನಂತೆ. ವಹಿನಿ ತನ್ನ ಭೀಶಿಯ ಪಾಳಿಯನ್ನು ಮುಂಚಿತವಾಗಿ ಕೇಳಲು ಹೊರಟಿದ್ದರು. ಆ ಮೆಕ್ಯಾನಿಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. 24ನೇ ವಯಸ್ಸಿನಲ್ಲಿ ನಾನೂ ಅಷ್ಟೇ ಹೊತ್ತು ನೋಡಿದ್ದೆ.

“ಈ ವಾರ ಮತ್ತೆ ಓಡಿಸಿದಿರಾ?” ಎಂದು ಕೇಳಿದೆ. ಇಲ್ಲ ಎಂದರು. ಅದು ಮೊದಲ ಪುಣ್ಯ.

ಮೊದಲು, ಅದು ನಿಜಕ್ಕೂ ನೀರೇ ಹೌದೇ ಎಂದು ತಿಳಿಯಬೇಕಿತ್ತು. ವಹಿನಿ ಒಂದು ಹಳೆಯ ತವಾ ಕೊಟ್ಟರು. ಸ್ಟೌ ಮೇಲೆ ಚೆನ್ನಾಗಿ ಕಾಯಿಸಿ, ದೂರ ನಿಂತು, ಎಣ್ಣೆಯ ಎರಡು ಹನಿ ಬಿಟ್ಟೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಎಂದಿತು. ಒಳ್ಳೆಯ ಎಣ್ಣೆಯಾದರೆ ಸದ್ದಿಲ್ಲದೆ ಹರಡಿ ಹೊಗೆಯಾಡುತ್ತದೆ. ಸಾವಿರ ಪಾಲಿನಲ್ಲಿ ಒಂದು ಪಾಲು ನೀರಿದ್ದರೂ ತವಾ ಸುಳ್ಳು ಹೇಳುವುದಿಲ್ಲ. ಕಡ್ಡಿಯಲ್ಲಿ ಎಣ್ಣೆಯ ಮಟ್ಟವೂ ಗುರುತಿಗಿಂತ ಮೇಲಿತ್ತು. ಡೀಸೆಲ್ ಬೆರೆತರೂ ಮಟ್ಟ ಏರುತ್ತದೆ, ಆದರೆ ಅದು ಎಣ್ಣೆಯನ್ನು ತೆಳುವಾಗಿಸುತ್ತದೆ, ವಾಸನೆ ಕೊಡುತ್ತದೆ, ಬೆಳ್ಳಗೆ ಮಾಡುವುದಿಲ್ಲ.

ಎರಡನೆಯದು, ಅದು ಮಳೆಯ ನೀರೋ ಕಡಲ ನೀರೋ? ಟಾರ್ಪಾಲು ಒಂದು ಕಡೆ ಹರಿದಿತ್ತು. ಎಣ್ಣೆ ಹಾಕುವ ಮುಚ್ಚಳ ಸಡಿಲವಿದ್ದು ಮಳೆ ಇಳಿದಿರಬಹುದು ಎಂಬುದು ದಾದಾರ ಆಸೆ. ಮಳೆಯಾದರೆ ಎಣ್ಣೆ ಬದಲಿಸಿ ಮುಗಿಸಬಹುದು. ಚೇಂಬರಿನ ಬುಡದ ಬೋಲ್ಟನ್ನು ಸಡಿಲಿಸಿ ಮೊದಲು ಇಳಿದ ಮಂಕಾದ ನೀರನ್ನು ಗಾಜಿನ ಲೋಟಕ್ಕೆ ಹಿಡಿದೆ. ಅಪ್ಪಯ್ಯನ ಹಾಗೆ ನಾಲಗೆಗೆ ಮುಟ್ಟಿಸಲಿಲ್ಲ, ಮುಟ್ಟಿಸಲೂಬಾರದು, ಹಳೆಯ ಎಂಜಿನ್ ಎಣ್ಣೆ ವಿಷವೇ. ಕೆಲಸದ ಜಾಗದಲ್ಲಿ ನೀರಿನ ಉಪ್ಪು ನೋಡಲು ಇಟ್ಟುಕೊಳ್ಳುವ ಸಿಲ್ವರ್ ನೈಟ್ರೇಟ್ ಸೀಸೆ ತಂದಿದ್ದೆ. ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ನಲ್ಲಿ ನೀರು ಇಟ್ಟೆ. ಎರಡಕ್ಕೂ ಒಂದೊಂದು ಹನಿ. ನಲ್ಲಿ ನೀರು ಸ್ವಲ್ಪ ಮಬ್ಬಾಯಿತು. ಎಂಜಿನ್ನಿನದು ಹಾಲಿಗೆ ಹುಳಿ ಹಿಂಡಿದ ಹಾಗೆ ಒಡೆದು ಬಿಳಿ ಗರಣೆ ಕಟ್ಟಿತು.

ಕಡಲ ನೀರೇ. ದೋಣಿ ಕಡಲಿಗೆ ಇಳಿಯದೆ ಏಳೆಂಟು ವಾರ ಆಗಿತ್ತು. ಅಂದರೆ ಉಪ್ಪು ಒಳಗೆ ಹೋದದ್ದು ಮೇ ತಿಂಗಳಲ್ಲಿ. ದಾದಾರ ಮುಖ ಇಳಿಯಿತು.

ಇಲ್ಲಿ ಅಪ್ಪಯ್ಯನ ಲೆಕ್ಕ ನನ್ನ ಸಹಾಯಕ್ಕೆ ಬರುವಂತಿರಲಿಲ್ಲ. ಇದು ಸಣ್ಣ ದೋಣಿ, ಎರಡು ಸಿಲಿಂಡರಿನ ಎಂಜಿನ್. ಇದರಲ್ಲಿ ಸಿಹಿ ನೀರೇ ಇಲ್ಲ, ಕಡಲ ನೀರೇ ನೇರವಾಗಿ ಸಿಲಿಂಡರಿನ ಸುತ್ತ ಓಡಿ ಹೊರಗೆ ಹೋಗುತ್ತದೆ. ಹಾಗಾಗಿ ಉಪ್ಪು ಗ್ಯಾಸ್ಕೆಟಿನಿಂದಲೂ ಬಂದಿರಬಹುದು, ಹೊಗೆ ಕೊಳವೆಯಿಂದ ಹಿಂದಕ್ಕೂ ಬಂದಿರಬಹುದು, ಪಂಪಿನಿಂದಲೂ ಬಂದಿರಬಹುದು. ಆದರೆ ಅವರ ಇನ್ನೊಂದು ಅಭ್ಯಾಸ ನೆನಪಾಯಿತು. ಎಂಜಿನ್ ಕೆಟ್ಟಾಗ ಅವರು ಕಲಾಸಿಗಳನ್ನು ಕೇಳುತ್ತಿದ್ದ ಮೊದಲ ಮಾತು, ಹಿಂದಿನ ಟ್ರಿಪ್ಪಿಗೂ ಈ ಟ್ರಿಪ್ಪಿಗೂ ಏನು ಹೊಸತಾಯಿತು ಎಂದು.

ನಾನೂ ಅದನ್ನೇ ಕೇಳಿದೆ. ದಾದಾ ಏನೂ ಇಲ್ಲ ಎಂದರು. ಅವರ ಮಗ, 19ರ ಹುಡುಗ, ಹಗಲು ಮೊಬೈಲ್ ಹಿಡಿದು ಊಟ ತಲುಪಿಸುವ ಕೆಲಸ ಮಾಡಿ ಬೆಳಗಿನ ಜಾವ ತಂದೆಯ ಜೊತೆ ದೋಣಿಗೆ ಹೋಗುವವನು, ಏನೋ ಹೇಳಹೊರಟು ಸುಮ್ಮನಾದ. ನಾನು ಒತ್ತಾಯಿಸಲಿಲ್ಲ.

ಇಂಜೆಕ್ಟರುಗಳನ್ನು ಕಳಚಿ ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದೆವು. ಸಿಲಿಂಡರಿನಿಂದ ನೀರು ಬರಲಿಲ್ಲ. ಹೊಗೆ ಕೊಳವೆಯ ಮೇಲಿನ ಅನುಮಾನ ಕಡಿಮೆಯಾಯಿತು. ಆಮೇಲೆ ಹೊಗೆಗೆ ನೀರು ಸೇರುವ ಪೈಪನ್ನು ಬಿಡಿಸಿ ಹೊರಗೆ ಬಿಟ್ಟೆ. ಎಂಜಿನ್ ನಿಂತಿರುವಾಗ ನೀರು ಕೊಡುವುದಾದರೆ ಇದನ್ನು ಮರೆಯಬಾರದು, ಇಲ್ಲವಾದರೆ ನಾವೇ ಕೈಯಾರೆ ಸಿಲಿಂಡರಿಗೆ ನೀರು ತುಂಬಿದಂತೆ. ಪಂಪನ್ನು ಬಿಟ್ಟು ನಲ್ಲಿಯ ಪೈಪನ್ನು ನೇರ ಸಿಲಿಂಡರಿನ ಸುತ್ತಿನ ನೀರಿನ ದಾರಿಗೆ ಜೋಡಿಸಿದೆವು. ಕೆಳಗೆ ಚೇಂಬರಿನ ಬೋಲ್ಟು ತೆಗೆದು ಖಾಲಿ ತಟ್ಟೆ ಇಟ್ಟೆವು. ನಾನು, ದಾದಾ, ಹುಡುಗ ಮೂವರೂ ತಟ್ಟೆ ನೋಡುತ್ತ ಕೂತೆವು. ಒಂದು ಗಂಟೆ. ಮಧ್ಯೆ ಮಳೆ ಬಂದು ಹೋಯಿತು. ವಹಿನಿ ಚಹಾ ತಂದರು, ನಾವು ಅದರ ಬಣ್ಣ ನೋಡಿ ನಕ್ಕೆವು. ತಟ್ಟೆಗೆ ನೀರು ಬೀಳಲಿಲ್ಲ. ಗ್ಯಾಸ್ಕೆಟ್, ಹೆಡ್, ಸಿಲಿಂಡರ್ ಮೂರರ ಮೇಲಿನ ಅನುಮಾನವೂ ಹೆಚ್ಚುಕಡಿಮೆ ತೀರಿತು. 50 ಸಾವಿರದ ಮಾತು ಆ ತಟ್ಟೆಯಲ್ಲೇ ಒಣಗಿತು.

ಉಳಿದದ್ದು ಪಂಪು. ಅದು ಎಂಜಿನ್ನಿನ ಮೈಗೇ ಕೂತು, ಒಳಗಿನ ಗೇರಿನಿಂದ ತಿರುಗುವಂಥದ್ದು. ಅಂಥ ಪಂಪಿನ ಶಾಫ್ಟಿಗೆ ಎರಡು ಸೀಲುಗಳಿರುತ್ತವೆ. ಒಂದು ನೀರನ್ನು ತಡೆಯಲು, ಇನ್ನೊಂದು ಎಣ್ಣೆಯನ್ನು ತಡೆಯಲು. ಎರಡರ ನಡುವೆ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಆ ತೂತನ್ನು ಬೇಕೆಂದೇ ಕೊರೆದಿರುತ್ತಾರೆ. ನೀರಿನ ಸೀಲು ಸವೆದಾಗ ನೀರು ಎಣ್ಣೆಯ ಕಡೆ ನುಗ್ಗದೆ ಅಲ್ಲಿಂದ ಹೊರಗೆ ತೊಟ್ಟಿಕ್ಕಲಿ, ಯಜಮಾನನ ಕಣ್ಣಿಗೆ ಬೀಳಲಿ ಎಂದು.

ಬೆರಳು ಹಾಕಿ ತಡವಿದೆ. ತೂತು ಸಿಗಲಿಲ್ಲ. ಟಾರ್ಚು ಹಿಡಿದು ನೋಡಿದರೆ ಅಲ್ಲಿ ಎಂ-ಸೀಲ್ ಮೆತ್ತಿತ್ತು.

ದಾದಾ ಆಗ ಪೈಪು ಸುತ್ತಿಡಲು ಹೋಗಿದ್ದರು. ನಾನು ಟಾರ್ಚನ್ನು ಹುಡುಗನ ಕೈಗೆ ಕೊಟ್ಟು, ಆ ತೂತು ಯಾಕೆ ಇದೆ ಎಂದು ಮೆಲ್ಲಗೆ ವಿವರಿಸಿದೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಮೇ ಕೊನೆಯ ವಾರ ಪಂಪಿನಿಂದ ನೀರು ತೊಟ್ಟಿಕ್ಕಿ ದೋಣಿಯ ತಳದಲ್ಲಿ ತುಂಬುತ್ತಿತ್ತು, ದಿನಾ ಎತ್ತಿ ಚೆಲ್ಲಿ ಸಾಕಾಗಿತ್ತು, ತಂದೆಗೆ ಕೆಲಸ ಕಡಿಮೆಯಾಗಲಿ ಎಂದು ಮುಚ್ಚಿದೆ ಎಂದ. ಆಮೇಲೆ ಹೋದದ್ದು ನಾಲ್ಕೇ ಟ್ರಿಪ್ಪು. “ಬಾಬಾಗೆ ನೀವು ಹೇಳ್ತೀರಾ?” ಎಂದು ಕೇಳಿದ.

ಆ ಕ್ಷಣ ನನಗೆ ಸುಲಭದ್ದಾಗಿರಲಿಲ್ಲ. ಸೀಲು ಸವೆದಿತ್ತು ಎಂದಷ್ಟೇ ಹೇಳಿದರೆ ಅದು ಸುಳ್ಳಲ್ಲ. ಹುಡುಗನ ಮಾನ ಉಳಿಯುತ್ತಿತ್ತು. ಆದರೆ ಮುಂದೆ ಇನ್ನೊಂದು ಸಲ ಆ ತೂತು ತೊಟ್ಟಿಕ್ಕಿದಾಗ ಮತ್ತೆ ಯಾರೋ ಅದನ್ನು ಮುಚ್ಚುತ್ತಿದ್ದರು. “ನೀನೇ ಹೇಳು, ನಾನು ಪಕ್ಕದಲ್ಲಿ ಇರುತ್ತೇನೆ” ಎಂದೆ. ಅವನು ಹೇಳಿದ. ದಾದಾ ಮರಾಠಿಯಲ್ಲಿ ನಾಲ್ಕು ಮಾತು ಬೈದರು. ಆಮೇಲೆ ತಾವೂ ಬಗ್ಗಿ ತೂತು ನೋಡಿ, ತಮಗೂ ಅದು ಯಾಕಿದೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡರು.

ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಉಪ್ಪು ಏಳೆಂಟು ವಾರ ಒಳಗೆ ಕೂತಿತ್ತು. ಪಕ್ಕದ ಬಾಗಿಲು ತೆಗೆದು ಬೇರಿಂಗುಗಳನ್ನು ನೋಡಿದಾಗ ಒಂದರ ಮೇಲೆ ಕಜ್ಜಿ ಎದ್ದಂತೆ ಗುಳಿಗಳಿದ್ದವು. ಕ್ರ್ಯಾಂಕಿನ ಮೇಲಿನ ಕಲೆ ಒರೆಸಿದರೆ ಹೋಯಿತು. ಆ ಒಂದು ಬೇರಿಂಗು, ಪಂಪಿನ ಎರಡು ಸೀಲು, ಫಿಲ್ಟರು ಹೊಸತು ಹಾಕಿದೆವು. ಎಣ್ಣೆಯನ್ನು ಮೂರು ಸಲ ಬದಲಿಸಿದೆವು. ಪ್ರತಿ ಸಲವೂ ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಬಿಸಿ ಇರುವಾಗಲೇ ಇಳಿಸುವುದು. ಮೊದಲನೆಯದು ಚಹಾ, ಎರಡನೆಯದು ಮಜ್ಜಿಗೆ ಪಾತ್ರೆ ತೊಳೆದ ನೀರಿನಂತೆ ಮಬ್ಬು, ಮೂರನೆಯದು ಪಾರದರ್ಶಕ. ಅದರ ಎರಡು ಹನಿಯನ್ನು ವಹಿನಿಯ ತವಾದ ಮೇಲೆ ಬಿಟ್ಟಾಗ ಸದ್ದೇ ಬರಲಿಲ್ಲ. ಒಟ್ಟು ಖರ್ಚು ಏಳು ಸಾವಿರದ ಒಳಗೆ ಮುಗಿಯಿತು. ಭೀಶಿ ಅದರ ಪಾಳಿಗೇ ಉಳಿಯಿತು.

ಆಗಸ್ಟಿನಲ್ಲಿ ನಾರಳಿ ಪೌರ್ಣಿಮೆಯ ದಿನ ಚಿಂಬೈಯವರು ಕಡಲಿಗೆ ತೆಂಗಿನಕಾಯಿ ಬಿಟ್ಟರು. ನಮ್ಮ ಕಡೆ ಅದೇ ಹುಣ್ಣಿಮೆಗೆ ಸಮುದ್ರ ಪೂಜೆ, ಹಾಲೂ ಕಾಯಿಯೂ ಕಡಲಿಗೆ. ದಂಡೆಯಲ್ಲಿ ನಿಂತುಕೊಂಡೇ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಹೋಗಿ ಹನ್ನೆರಡು ವರ್ಷ ಆಯಿತು. ಮಾವನಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಪಂಪಿನ ಕತೆಯನ್ನು ಕೂಗಿ ಕೂಗಿ ಹೇಳಿದೆ. ಕೊನೆಗೆ, ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನೂ ಹೇಳಿದೆ: “ಮಾವ, ಅವತ್ತು ಅಪ್ಪಯ್ಯ ಹೇಳಿದ್ದೇ ಸರಿ ಇತ್ತು. ತಪ್ಪು ನನ್ನದು.”

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡೆ.

“ನಂಗೂ ಅವತ್ತ್ ಅನುಮಾನ ಇದ್ದಿತ್ತ್” ಎಂದರು. “ನೀ ಬೊಂಬಾಯಂಗೆ ಕಲ್ತ್ ಬಂದವ. ಅಷ್ಟ್ ಜನದ ಎದ್ರಿಗೆ ನಿನ್ ಮಾತ್ ಹ್ಯಾಂಗೆ ತೆಗುದ್?”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಇಷ್ಟು ವರ್ಷ ನಾನು ಅವರ ಸುಮ್ಮನಿರುವಿಕೆಯನ್ನು ಬೇಸರ ಎಂದುಕೊಂಡಿದ್ದೆ. ಎದುರಿಗೆ ದಾದಾರ ದೋಣಿ ಹೂವಿನ ಮಾಲೆ ಹಾಕಿಕೊಂಡು ನೀರಿಗೆ ಇಳಿಯುತ್ತಿತ್ತು. ಹುಡುಗ ಪಂಪಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕಟ್ಟಿದ್ದಾನೆ, ತೊಟ್ಟಿಕ್ಕಿದರೆ ಗೊತ್ತಾಗಲಿ ಎಂದು.

ಎಂಜಿನ್ನಿನ ಸದ್ದು ಮಾವನಿಗೆ ಫೋನಿನಲ್ಲೇ ಕೇಳಿಸಿರಬೇಕು.

“ಅಲ್ಲ್ ಬಂಗ್ಡಿ ಬಂತಾ?” ಎಂದು ಕೇಳಿದರು.